ಪಂಪು ಹೊತ್ತವನ ನಡಿಗೆ

ಆ ಭಾನುವಾರ ನಾನು ಶಹಾಪುರದಿಂದ ಸುರಪುರದ ರಂಗಂಪೇಟೆಗೆ ಬಂದಾಗ ಅಣ್ಣ ಮನೆಯ ಕಟ್ಟೆಯ ಮೇಲೆ ಕೂತು ವೈರು ಸುತ್ತುತ್ತಿದ್ದ. ಹಿಂದಿನ ದಿನ ರಾಮಸಮುದ್ರದಲ್ಲಿ ಒಂದು ಮದುವೆಯ ವಿಡಿಯೊ ತೆಗೆದು ಬಂದಿದ್ದ. ವೈರಿಗೆ ಅಲ್ಲಲ್ಲಿ ಅಕ್ಷತೆಯ ಕಾಳು ಅಂಟಿದ್ದವು. ಅವನ್ನು ಉಗುರಿನಿಂದ ಕಿತ್ತು ಕೋಳಿಗಳ ಕಡೆ ಎಸೆಯುತ್ತಿದ್ದ. ಅತ್ತಿಗೆ ಕುದಿಸಿದ ತೊಗರಿಕಾಯಿ ತಂದು ನಮ್ಮಿಬ್ಬರ ನಡುವೆ ಇಟ್ಟು ಒಳಗೆ ಹೋದರು.

"ಲೇ ತಮ್ಮಾ, ನಮ್ಮ ಸಿನಿಮಾ ಮತ್ತ ಬರಾಕತ್ತದ," ಅಂದ.

"ಯಾವ ಸಿನಿಮಾ?"

"ನನಗೆಷ್ಟು ಸಿನಿಮಾ ಅದಾವಲೇ? ಒಂದ ಅದ."

ಹೌದು, ಒಂದೇ. ಅವನ ಮದುವೆಗೂ ಮುಂಚೆ, ಲಗ್ನದ ಸುಗ್ಗಿ ಮುಗಿದು ಕ್ಯಾಮೆರಾ ಖಾಲಿ ಬಿದ್ದಿದ್ದಾಗ, ಗೆಳೆಯರನ್ನು ಕಟ್ಟಿಕೊಂಡು ಮಾಡಿದ್ದು. ಮುಂದೆ ಬರುವ ಕಾಲದ ಕಥೆ. ಬಿಸಿಲು ಮೈ ಸುಡುವಷ್ಟು ಏರಿದೆ. ನೆರಳೆಲ್ಲ ಕೆಲವೇ ಧಣಿಗಳ ಪಾಲಾಗಿದೆ. ನೆರಳಿನಲ್ಲಿ ನಿಲ್ಲಬೇಕೆಂದರೆ ಅವರ ಹತ್ತಿರ ದುಡಿಯಬೇಕು. ಒಬ್ಬ ಹುಡುಗ ಅವರ ಮೇಲೆ ಏರಿಹೋಗುತ್ತಾನೆ. ಸುರಪುರದ ಬಂಡೆಗಳಲ್ಲಿ, ಶಹಾಪುರದ ಹತ್ತಿರ ಬಿಟ್ಟುಹೋದ ಒಂದು ಕಲ್ಲಿನ ಗಣಿಯಲ್ಲಿ ತೆಗೆದರು. ಧಣಿಗಳ ಸೈನಿಕರು ಕಪ್ಪು ತಾಡಪತ್ರಿ ಹೊದ್ದು, ಪ್ಲಾಸ್ಟಿಕ್ ಡಬ್ಬಿ ಕೊಯ್ದು ಮಾಡಿದ ಮುಖವಾಡ ಹಾಕಿ, ಬೆನ್ನಿಗೆ ಹತ್ತಿಗೆ ಔಷಧಿ ಹೊಡೆಯುವ ಪಂಪು ಕಟ್ಟಿಕೊಂಡಿದ್ದರು. ಪಂಪಿನಿಂದ ಬೆಂಕಿ ಬರಬೇಕು. ಬಂದದ್ದು ನೀರು, ಅದಕ್ಕೆ ಕೆಂಪು ಬಣ್ಣ ಹಚ್ಚಿದ್ದು ಆಮೇಲೆ, ಹೈದರಾಬಾದಿನಲ್ಲಿ, ಕಂಪ್ಯೂಟರಿನಲ್ಲಿ.

ಸಿಡಿ ಮಾಡಿಸಿ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಮಾರಿದರು. ಒಂದು ಸಂಜೆ ಕೇಬಲ್ಲಿನಲ್ಲೂ ಹಾಕಿದರು. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆ ಎಣ್ಣೆ ಅನ್ನುತ್ತಾರೆ. ಮರುದಿನದಿಂದ ಊರಿನ ಬಾಯಲ್ಲಿ ಅದು ಎಣ್ಣಿ ಹೊಡಿಯವರ ಸಿನಿಮಾ ಆಯಿತು. ನಾನು ಆಗಷ್ಟೇ ಶಹಾಪುರದ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿ ಸೇರಿದ್ದೆ. ಪಕ್ಕದ ಮೇಜಿನ ಹಿರಿಯರು ಎಲ್ಲರಿಗೂ ಕೇಳುವಂತೆ ಅಂದರು: "ನಿಮ್ಮಣ್ಣಗ ಹೇಳ್ರಿ, ನಮ್ಮ ಹತ್ತಿಗಿ ಹುಳ ಬಿದ್ದಾವ. ಆ ಮಂದೀನ ಒಂದಿನ ನಮ್ಮ ಹೊಲಕ್ಕ ಕಳಸಂತ." ಎಲ್ಲರೂ ನಕ್ಕರು. ನಾನೂ ನಕ್ಕೆ. ಕೇಬಲ್ಲಿನಲ್ಲಿ ಬಂದ ದಿನವೂ ನಾನು ಅರ್ಧಕ್ಕೇ ಎದ್ದು ಹೋಗಿದ್ದೆ. ಉಳಿದರ್ಧ ಎಂದೂ ನೋಡಲಿಲ್ಲ. ಅಣ್ಣ ಕೇಳಲೂ ಇಲ್ಲ.

ಈಗ ಹೊರದೇಶದ ಒಂದು ಸಣ್ಣ ಕಂಪನಿ ಇಂಥ ಬಡ ಸಿನಿಮಾಗಳನ್ನೇ ಹುಡುಕಿ, ಕೊಳೆ ತೆಗೆದು, ಹೊಸ ಡಿಸ್ಕಿನಲ್ಲಿ ಮಾರುತ್ತದಂತೆ. ಅವರ ಪರವಾಗಿ ಬೆಂಗಳೂರಿನ ಒಬ್ಬ ಹುಡುಗಿ ಫೋನು ಮಾಡಿದ್ದಳು.

"ಸಿನಿಮಾ ಓಡತಿರತದಂತ, ಅದರ ಮ್ಯಾಲ ನಾ ಮಾತಾಡಬೇಕಂತ. ಎಲ್ಲಿ ತೆಗದ್ವಿ, ಹ್ಯಾಂಗ ತೆಗದ್ವಿ, ಎಲ್ಲಾ," ಅಂದ ಅಣ್ಣ.

"ನೋಡವರ ಇಲ್ಲ, ನಿನ್ನ ಮಾತು ಕೇಳವರು ಯಾರೋ ಯಣ್ಣಾ? ಆ ಮಂದಿಗಿ ಬ್ಯಾರೆ ಕೆಲಸ ಇಲ್ಲೇನು?"

ಅವನು ಒಂದು ತೊಗರಿಕಾಯಿ ಸುಲಿದು ಬಾಯಿಗೆ ಹಾಕಿಕೊಂಡ. "ಇಲ್ಲಂತ ಕಾಣತದ ನೋಡು," ಅಂದು ನಕ್ಕ. ನಾನು ಊಟ ಮಾಡಿ ಬಸ್ಸು ಹತ್ತಿದೆ.

ಅದೇ ವಾರ ಬಳಿಚಕ್ರದಲ್ಲಿ ಒಬ್ಬ ಬಸುರಿಯ ಕುಬಸದ ಕಾರ್ಯ ಶೂಟು ಮಾಡುತ್ತಿದ್ದ ಅಣ್ಣ, ಕ್ಯಾಮೆರಾವನ್ನು ಪಕ್ಕದವರ ಕೈಗೆ ಕೊಟ್ಟು, "ಸ್ವಲ್ಪ ಕೂಡತೀನಿ ತಡೀರಿ," ಅಂದನಂತೆ. ಯಾದಗಿರಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ದಿನಕರ್ಮ ಮುಗಿದ ಮೇಲೆ ಆ ಹುಡುಗಿ ಅಣ್ಣನ ನಂಬರಿಗೆ ಮತ್ತೆ ಫೋನು ಮಾಡಿದಳು. ಎತ್ತಿದವರು ಅತ್ತಿಗೆ. ಸುದ್ದಿ ಹೇಳಿ, "ಅವರ ತಮ್ಮ ಅದಾರ, ಅವರು ಮಾತಾಡತಾರ," ಅಂದರು. ನನ್ನನ್ನು ಕೇಳಿರಲಿಲ್ಲ. ಆಮೇಲೆ ನನಗೆ ಹೇಳಿದರು:

"ನಿಮ್ಮಣ್ಣ ಒಂದ್ ಕಡಿ ತಾನೂ ಅದರಾಗ ಅದೀನಿ ಅಂತಿದ್ದ. ಎಲ್ಲಿ ಅಂದರ, ನೀನ ಹುಡುಕು ಅಂತಿದ್ದ. ನಮ್ಮ ಸಿಡಿ ಅರ್ಧಕ್ಕ ನಿಂತು ಬಿಡತದ, ಮುಂದ ಓಡಂಗಿಲ್ಲ. ನೀವು ಪೂರಾ ನೋಡತೀರಲ್ಲ, ಎಲ್ಲಿ ಅದಾನ ನೋಡಿ ಹೇಳ್ರಿ. ನನಗ ಅಷ್ಟ ಸಾಕು."

ಸಾವಿರಾರು ಮಂದಿಯ ಮುಖ ತೆಗೆದವನ ವಿಡಿಯೊ ಅವನ ಮನೆಯಲ್ಲಿ ಒಂದೂ ಇರಲಿಲ್ಲ. ಗೋಡೆಗೆ ಹಾಕಿದ್ದು ಗುರುತಿನ ಚೀಟಿಯ ಫೋಟೊ ದೊಡ್ಡದು ಮಾಡಿಸಿದ್ದು.

ಯಾದಗಿರಿಯಲ್ಲಿ ಭಜನೆ ಪದ ರೆಕಾರ್ಡು ಮಾಡುವ ಒಂದು ಕೋಣೆಯಲ್ಲಿ ನನ್ನನ್ನು ಕೂರಿಸಿದರು. ಮುಂದೆ ಟಿವಿ, ಬಾಯಿಯ ಹತ್ತಿರ ಮೈಕು, ಕಿವಿಯಲ್ಲಿ ಬೆಂಗಳೂರಿನ ಹುಡುಗಿಯ ದನಿ. "ಸರ್, ನಿಮಗೆ ನೆನಪಾಗಿದ್ದು ಹೇಳ್ತಾ ಹೋಗಿ, ಸಾಕು." ನಾನು ಬಸ್ಸಿನುದ್ದಕ್ಕೂ ಪುಸ್ತಕದ ಮಾತು ಕೂಡಿಸಿಕೊಂಡು ಬಂದಿದ್ದೆ. ದೂರದ ಮಂದಿ ಕೇಳುತ್ತಾರೆ, ಅಣ್ಣನ ಮರ್ಯಾದೆ ಉಳಿಯಬೇಕು ಅಂದುಕೊಂಡಿದ್ದೆ. ಉಳಿಯಬೇಕಾಗಿದ್ದು ನನ್ನ ಮರ್ಯಾದೆ ಎಂದು ಈಗ ಅನಿಸುತ್ತದೆ.

ಮೊದಲರ್ಧ ಹೇಗೋ ಮಾತಾಡಿದೆ. ಎರಡನೆಯ ಅರ್ಧ ಸುರುವಾದಾಗ, ಇದನ್ನು ನಾನು ನೋಡೇ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ತೆರೆಯ ಮೇಲೆ ಬಂದ ಒಂದೊಂದೇ ಮುಖವನ್ನು ನೋಡುತ್ತಿದ್ದೆ. ನೆರಳಿನಡಿ ಕೂತ ಆಳುಗಳಲ್ಲಿ ಅವನಿರಲಿಲ್ಲ. ಧಣಿಗಳಲ್ಲಿ ಇರಲಿಲ್ಲ. ಪಂಪು ಹೊತ್ತ ಸೈನಿಕರು ಸಾಲಾಗಿ ಬಂಡೆ ಇಳಿಯತೊಡಗಿದರು. ಊರು ನಕ್ಕ ದೃಶ್ಯ ಅದೇ. ನಾನು ಅದನ್ನು ಸರಿಯಾಗಿ ನೋಡಲೂ ಇಲ್ಲ. ಬೇಗ ಮುಗಿಯಲಿ ಎಂದು ಕಾಯುತ್ತಿದ್ದೆ. ಆಗಲೇ ಅವಳು ಕೇಳಿದಳು:

"ಸರ್, ನಿಮ್ಮ ಅಣ್ಣ ಸಿನಿಮಾದಲ್ಲಿ ಎಲ್ಲಾದರೂ ಕಾಣಿಸ್ತಾರಾ?"

"ಇಲ್ಲ," ಅಂದೆ. "ಅವರು ಗಂಭೀರ ಸ್ವಭಾವದವರು. ಇಂಥ ವೇಷಗಳನ್ನು ಅವರು ಎಂದೂ ಹಾಕಲಿಲ್ಲ. ಸದಾ ಕ್ಯಾಮೆರಾದ ಹಿಂದೆಯೇ ಇರುತ್ತಿದ್ದರು."

ರಂಗಂಪೇಟೆಗೆ ಹೋಗಿ ಅತ್ತಿಗೆಗೆ ಹೇಳಿದೆ: "ಎಲ್ಲೂ ಇಲ್ಲ ಅತ್ತಿಗಿ. ಪೂರಾ ನೋಡೀನಿ."

"ಹಂಗಾದ್ರ ನನಗ ನಗಸ್ಲಾಕ ಹೇಳಿದ್ದ ಅನ್ನರಿ," ಅಂದರು. ರೊಟ್ಟಿ ತಟ್ಟುತ್ತಿದ್ದವರು ಮತ್ತೆ ತಟ್ಟತೊಡಗಿದರು.

ಕೆಲವು ತಿಂಗಳಿಗೆ ಡಿಸ್ಕು ಬಂತು. ಡಬ್ಬಿಯ ಮೇಲೆ ನಮ್ಮ ಬಂಡೆಗಳು, ನಮ್ಮ ಕಡೆ ಎಂದೂ ಇರದ ನೇರಳೆ ಆಕಾಶ. ಅದನ್ನು ಹಾಕಿ ನೋಡುವ ಯಂತ್ರ ಸುರಪುರದಲ್ಲಿ ಯಾರ ಹತ್ತಿರವೂ ಸಿಗಲಿಲ್ಲ. ಹುಡುಗಿಗೆ ಹೇಳಿದಾಗ ಅದನ್ನೇ ಪೆನ್‌ಡ್ರೈವಿನಲ್ಲಿ ಕಳಿಸಿದಳು. ಒಂದು ಮಧ್ಯಾಹ್ನ ಟಿವಿಗೆ ಚುಚ್ಚಿ ನಾನೂ ಅತ್ತಿಗೆಯೂ ನೋಡಲು ಕೂತೆವು. ಸಿನಿಮಾದ ಮೇಲೆ ನನ್ನ ಮಾತು ಸುರುವಾಯಿತು.

"ನಿಮ್ಮಣ್ಣಗ ಯಾವಾಗಿಂದ ಅವರು, ಇವರು ಅನ್ನಾಕತ್ತೀರಿ?" ಅಂದರು ಅತ್ತಿಗೆ. "ಇದ್ದಾಗ ಒಂದಿನ ಅಂದಿದ್ದರ ಹೆದರಿ ಓಡತಿದ್ದ." ಅಂದು ಸೆರಗಿನಲ್ಲಿ ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೈನಿಕರು ಬಂಡೆ ಇಳಿಯತೊಡಗಿದರು. ಅತ್ತಿಗೆಯ ನಗು ನಿಂತಿತು.

"ತಡೀರಿ. ಹಿಂದಕ ಹೊಡೀರಿ."

ಹಿಂದಕ್ಕೆ ಹೊಡೆದೆ.

"ಆ ಕಡೀ ಮನಷ್ಯಾನ ನೋಡ್ರಿ. ಮಕ ಬ್ಯಾಡ, ಕಾಲು ನೋಡ್ರಿ."

ಸಾಲಿನ ಕೊನೆಯವನು ಬಲಪಾದವನ್ನು ಹೊರಗೆ ತಿರುಗಿಸಿ ಇಡುತ್ತಿದ್ದ. ಪ್ರತಿ ಹೆಜ್ಜೆಗೂ ಬೆನ್ನಿನ ಪಂಪು ಆ ಕಡೆ ವಾಲುತ್ತಿತ್ತು. ಚಿಕ್ಕಂದಿನಲ್ಲಿ ನನಗಾಗಿ ಹುಣಸೆಕಾಯಿ ಉದುರಿಸಲು ಮರ ಹತ್ತಿ ಬಿದ್ದವನು ಅಣ್ಣ. ನಾಟಿ ಕಟ್ಟು ಕಟ್ಟಿಸಿದ್ದರು. ಪಾದ ಹಾಗೇ ತಿರುಗಿ ಉಳಿಯಿತು. ಶಾಲೆ ಮುಗಿಯುವವರೆಗೆ ದಿನಾ ಆ ಪಾದದ ಹಿಂದೆಯೇ ನಡೆದವನು ನಾನು. ಅವನು ಬಂಡೆ ಇಳಿಯುತ್ತಿದ್ದ, ಮತ್ತು ಅವನ ಮೇಲೆ ನನ್ನ ದನಿ ಹೇಳುತ್ತಿತ್ತು: ಇಂಥ ವೇಷಗಳನ್ನು ಅವರು ಎಂದೂ ಹಾಕಲಿಲ್ಲ.

ಅತ್ತಿಗೆ ನನ್ನನ್ನು ಬಯ್ಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ಅವತ್ತ ಯಾರೋ ಒಬ್ಬ ಬಂದಿರಲಿಕ್ಕಿಲ್ಲ. ತಾನ ಕಟಗೊಂಡು ನಿಂತಾನ," ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ನನ್ನ ಕೈಯಿಂದ ರಿಮೋಟು ತಗೊಂಡು ದನಿಯನ್ನು ಪೂರ್ತಿ ಬಂದ್ ಮಾಡಿ, ಆ ಸಾಲನ್ನು ಮತ್ತೆ ಮತ್ತೆ ಇಳಿಸಿದರು.

ಹೊರಗೆ ಬಂದು ಹುಡುಗಿಗೆ ಫೋನು ಮಾಡಿದೆ. "ನಾ ತಪ್ಪು ಹೇಳೀನಿ. ಅಣ್ಣ ಅದರಾಗ ಅದಾನ. ನನ್ನ ಮಾತು ತೆಗೀರಿ."

"ಅಯ್ಯೋ ಸರ್, ಡಿಸ್ಕ್‌ಗಳೆಲ್ಲ ಹೊರಟುಹೋಗಿವೆ. ಆದರೆ ಪರವಾಗಿಲ್ಲ, ನಿಮ್ಮ ಮಾತು ಎಲ್ಲರಿಗೂ ಇಷ್ಟ ಆಗಿದೆ. ತಮ್ಮನಿಗೆ ಅಣ್ಣನ ಮೇಲೆ ಎಷ್ಟು ಗೌರವ ಅಂತ ಬರೆದಿದ್ದಾರೆ."

"ಹೌದ್ರಿ," ಅಂದೆ.

ಆಮೇಲೆ, ಅವನ ದನಿಯಾದರೂ ಸಿಕ್ಕೀತೆಂದು, ಅವನ ಸ್ಟುಡಿಯೊ ಅಂಗಡಿಯಲ್ಲಿ ಉಳಿದಿದ್ದ ಮದುವೆಯ ವಿಡಿಯೊಗಳನ್ನು ಹಾಕಿ ನೋಡಿದೆ. ಈ ಕಡೆ ನೋಡ್ರಿ, ಸ್ವಲ್ಪ ನಗ್ರಿ ಎಂದು ಅವನು ಎಲ್ಲರಿಗೂ ಹೇಳಿಯೇ ಇರುತ್ತಾನೆ. ಮದುಮಕ್ಕಳು ಅವನ ಮಾತಿಗೆ ತಲೆ ಎತ್ತುವುದು ಕಾಣುತ್ತದೆ. ಆದರೆ ತನ್ನ ದನಿ ಬರಬಾರದೆಂದು ಎಲ್ಲದರ ಮೇಲೂ ಹಾಡು ಹಚ್ಚಿದ್ದಾನೆ.

ಅಣ್ಣನ ನಡಿಗೆ ಈಗ ಅತ್ತಿಗೆಯ ಮನೆಯಲ್ಲಿದೆ. ಆ ಡಿಸ್ಕಿನಲ್ಲಿ ಮಾತಾಡಬೇಕಾಗಿದ್ದವನು ಅವನು. ಅವನ ದನಿ ಎಲ್ಲಿಯೂ ಇಲ್ಲ.