ಬ್ರೇಕು ಬಿಚ್ಚಿದ ರೇಸು

ನನ್ನ ತವರು ಮೊಳಕಾಲ್ಮೂರು, ಕೊಟ್ಟಿದ್ದು ಚಳ್ಳಕೆರೆಗೆ. ಎರಡೂ ಊರಿನ ಗಂಡಸರಿಗೆ ಆ ಕಾಲದಲ್ಲಿ ಸೈಕಲ್ಲಿನ ಹುಚ್ಚು ಹತ್ತಿತ್ತು. ಊರಲ್ಲಿ ನಾಲ್ಕು ಸೈಕಲ್ ಇದ್ದವೋ ಇಲ್ಲವೋ, ರೇಸು ಮಾತ್ರ ಬೇಕು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಮೊಳಕಾಲ್ಮೂರಿನವರದು ನಿಧಾನದ ರೇಸು. ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನೇ ಗೆದ್ದ ಹಾಗೆ. ನಡುವೆ ಕಾಲು ನೆಲಕ್ಕೆ ತಾಗಿತೋ, ಸೋತ. ಬಿದ್ದರೆ ಪಂಚೆಗೆ ಧೂಳು, ಅಷ್ಟೇ. ಆ ಆಮೆಗಳ ಮೆರವಣಿಗೆ ನೋಡಲು ಅರ್ಧ ಊರು ಮಗ್ಗ ನಿಲ್ಲಿಸಿ ಬರುತ್ತಿತ್ತು.

ಚಳ್ಳಕೆರೆಯ ಶೂರರದು ಇನ್ನೊಂದು ಬಗೆ. ಜಲ್ಲಿ ರಸ್ತೆಯ ಮೇಲೆ ಎಲ್ಲರೂ ಒಟ್ಟಿಗೆ, ಭುಜಕ್ಕೆ ಭುಜ ಉಜ್ಜಿಕೊಂಡು ಹೋಗಬೇಕು. ಹೊರಡುವ ಮೊದಲು ಪ್ರತಿಯೊಬ್ಬನೂ ತನ್ನ ಸೈಕಲ್ಲಿನ ಬ್ರೇಕು ಬಿಚ್ಚಿ ಒಂದು ಮೊರಕ್ಕೆ ಹಾಕಬೇಕು. ಬ್ರೇಕು ಉಳಿಸಿಕೊಂಡವನನ್ನು ಹೆಂಗಸು ಎಂದು ಆಡಿಕೊಳ್ಳುತ್ತಿದ್ದರು. ಹಾಗಾದರೆ ಬುದ್ಧಿಯಿರುವುದು ಹೆಂಗಸರಿಗೇ ಎಂದು ತಾವೇ ಒಪ್ಪಿಕೊಂಡಂತಾಯಿತು ಅನ್ನುವುದು ಆ ಪೆದ್ದರಿಗೆ ಹೊಳೆಯಲಿಲ್ಲ. ಆ ಮೊರ ಹಿಡಿದು ನಿಲ್ಲುತ್ತಿದ್ದವರು ನಮ್ಮ ಮನೆಯವರೇ.

ನನ್ನ ತಮ್ಮ ರೇಷ್ಮೆ ಸೀರೆ ನೇಯುವವನು. ಅಪ್ಪ ತೀರಿಕೊಂಡ ಮೇಲೆ ಅವ್ವನ ಮನೆ ನಡೆಯುತ್ತಿದ್ದುದು ಅವನ ಬಲಗೈಯಿಂದ. ಹರಿದ ಎಳೆಯನ್ನು ಕಣ್ಣಿಗೆ ಕಾಣದ ಹಾಗೆ ಗಂಟು ಹಾಕುವ ಬೆರಳುಗಳು ಅವು. ಚಳ್ಳಕೆರೆಯ ರೇಸು ಯುಗಾದಿಯ ಮರುದಿನ. ಹಬ್ಬಕ್ಕೆ ನನ್ನನ್ನು ನೋಡಲು ಸೈಕಲ್ ತುಳಿದುಕೊಂಡು ಬಂದವನನ್ನು ನಮ್ಮ ಮನೆಯವರು ಅಂಗಳದಲ್ಲೇ ಕೆಣಕಿದರು.

“ಏನ್ಲೇ, ನಿಮ್ಮೂರಾಗೆ ಸೈಕಲ್ ತುಳೀತಾರೋ, ತೊಟ್ಲಾಗಿಟ್ಟು ತೂಗ್ತಾರೋ?”

“ನಾಳೆ ನೋಡ್ರಿ ಬಾವ,” ಎಂದ ತಮ್ಮ.

ನನಗೆ ಮೈಯೆಲ್ಲ ಉರಿದುಹೋಯಿತು. “ಲೇ, ಕೈ ಮುರ್ಕಂಡ್ರೆ ಅವ್ವುಂಗೆ ಮುದ್ದೆ ಹಾಕೋರು ಯಾರೋ? ನಿಮ್ ಬಾವ ಹಾಕ್ತಾರೇನು?”

“ಸುಮ್ನಿರಕ್ಕ. ಊರಿನ್ ಮಾನ ಐತೆ ಇದ್ರಾಗೆ.”

ಊರಿನ ಮಾನವಂತೆ! ಅದನ್ನು ಇವನ ತಲೆಗೆ ಕಟ್ಟಿದವರು ಯಾರೋ ಕಾಣೆ.

ಬೆಳಿಗ್ಗೆ ಅವನೂ ಬ್ರೇಕು ಬಿಚ್ಚಿ ಮೊರಕ್ಕೆ ಹಾಕಿದ. ನಮ್ಮ ಮನೆ ರಸ್ತೆಯ ತಿರುವಿನಲ್ಲೇ ಇದ್ದುದರಿಂದ ಗೋಡೆಯ ಹಿಂದೆ ನಿಂತು ನೋಡಿದೆ. ಚೆನ್ನಾಗಿಯೇ ತುಳಿಯುತ್ತಿದ್ದ, ಸುಳ್ಳು ಹೇಳಬಾರದು. ತಿರುವಿನಲ್ಲಿ ಒಬ್ಬನ ಹ್ಯಾಂಡಲ್ಲು ಇವನದಕ್ಕೆ ಸಿಕ್ಕಿತು. ಇಬ್ಬರೂ ರಸ್ತೆಯಂಚಿನ ಮರಳಿಗೆ ಇಳಿದರು, ಗಾಲಿ ಹೂತು ನಿಂತವು. ಚಳ್ಳಕೆರೆಯವನು ಕಾಲೂರಿ ನಿಂತುಕೊಂಡ. ನನ್ನ ತಮ್ಮ ಮೊಳಕಾಲ್ಮೂರಿನ ಅಭ್ಯಾಸದಂತೆ ಎರಡೂ ಕಾಲು ಮೇಲೆತ್ತಿಕೊಂಡ! ಓಲಾಡಿ, ಓಲಾಡಿ, ರಸ್ತೆಯ ಕಡೆಗೇ ಬಿದ್ದ. ಬಲಗೈ ಜಲ್ಲಿಯ ಮೇಲೆ ಚಾಚಿತ್ತು. ಹಿಂದೆ ಬರುತ್ತಿದ್ದವನು ನಿಲ್ಲಿಸೋಣವೆಂದರೆ ಅವನ ಬ್ರೇಕು ಮೊರದಲ್ಲಿ. ಗಾಲಿ ಬೆರಳುಗಳ ಮೇಲೆ ಹಾದುಹೋಯಿತು.

ನಾನು ಓಡಿಹೋಗಿ ಎತ್ತಿದರೆ ಅವನು ಹೇಳಿದ್ದೇನು? “ಅಕ್ಕಾ, ಕಾಲು ಮಾತ್ರ ಇಡ್ಲಿಲ್ಲ ನೋಡು.” ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ನಗಬೇಕೋ, ಕೆನ್ನೆಗೆ ಬಾರಿಸಬೇಕೋ ತಿಳಿಯದೆ ಅಲ್ಲೇ ಕೂತು ಅತ್ತೆ.

ನಾಟಿ ವೈದ್ಯರು ಬಿದಿರ ದಬ್ಬೆ ಕಟ್ಟಿದರು. ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ಅವ್ವ ಆ ವಯಸ್ಸಿನಲ್ಲಿ ಬೇರೆಯವರ ಮನೆಗೆ ನೂಲು ಸುತ್ತುವ ಕೂಲಿಗೆ ಹೊರಟಳು. ನಮ್ಮ ಮನೆಯವರು ಮಾತ್ರ, “ಹಣೇಲಿ ಬರ್ದಿತ್ತು,” ಎಂದು ಕೈ ತೊಳೆದುಕೊಂಡರು.

ಮರುವರ್ಷ ರೇಸು ನಿಂತಿತೇ? ಎಲ್ಲಿಯ ಮಾತು! ತಮ್ಮನೂ ನೋಡಲು ಬಂದ. ಗೆದ್ದವನು ಗೆರೆ ದಾಟಿದಾಗ ಜನರೆಲ್ಲ ಚಪ್ಪಾಳೆ ತಟ್ಟಿದರು. ಇವನಿಗೆ ತಟ್ಟಲಾಗಲಿಲ್ಲ. ಎಡಗೈಯಿಂದ ತೊಡೆ ಬಡಿದುಕೊಂಡು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ.