ಅಂಬಮ್ಮ ಬೆರೆಸಿದ ಹನ್ನೆರಡು ಸೆಲ್ಲು

ಕೂಟಗಲ್‌ನ ಅಂಬಮ್ಮನಿಗೂ ಅವಳ ಸೊಸೆ ನಯನಳಿಗೂ ಮಾತು ನಿಂತು ಮೂರು ವರ್ಷ. ಒಂದು ಬೆಳೆಯ ರೇಷ್ಮೆ ಹುಳುವೆಲ್ಲ ರೋಗ ಬಂದು ಸತ್ತಾಗ ಅಂಬಮ್ಮ ಬೀದಿಯಲ್ಲಿ ನಿಂತು, "ಇವ್ಳ ಕಾಲ್ಗುಣ" ಎಂದುಬಿಟ್ಟಿದ್ದಳು. ಅಂದಿನಿಂದ ಒಂದೇ ಒಲೆಯ ಮುದ್ದೆ ಉಂಡರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಹೇಳಲೇಬೇಕಾದ್ದನ್ನು ಹಸುವಿನ ಮುಂದೆ ನಿಂತು ಹೇಳುವುದು, ಬೇಕಾದವರು ಕೇಳಿಸಿಕೊಳ್ಳುವುದು. ಆ ಹಸು, ಪಾಪ, ಕೇಳಬಾರದ್ದನ್ನೆಲ್ಲ ಕೇಳಿತು.

ಅಂಬಮ್ಮನೇನೂ ಸಾಮಾನ್ಯದವಳಲ್ಲ. ಮದುವೆಯಾಗಿ ಬಂದಾಗಿನಿಂದ ಹುಳದ ಮನೆ ಅವಳದೇ. ಮೂವತ್ತೈದು ವರ್ಷ ಸೊಪ್ಪು ಹಾಕಿ, ಹಿಕ್ಕೆ ತೆಗೆದು, ಗೂಡು ಬಿಡಿಸಿದ ಕೈ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿನ ಹುಳು ಸತ್ತಿದೆಯೋ ಬದುಕಿದೆಯೋ ಹೇಳಿಬಿಡುತ್ತಿದ್ದಳು. ರಾಮನಗರದ ಮಾರುಕಟ್ಟೆಗೆ ಹೋಗುವ ಮೂಟೆಯಲ್ಲಿ ಒಂದಷ್ಟು ಕೆಟ್ಟ ಗೂಡು ಬೆರೆಸುವುದೂ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಸಿಕ್ಕಿಬಿದ್ದರೆ ರೇಟು ಸ್ವಲ್ಪ ಇಳಿಯುತ್ತದೆ, ಅಷ್ಟೇ. ಅದರಿಂದ ಯಾರ ಪ್ರಾಣವೂ ಹೋದದ್ದಿಲ್ಲ.

ಅಂಥ ಹುಳದ ಮನೆಗೆ ಸೊಸೆ ಬ್ಯಾಟರಿ ಸೆಲ್ಲು ತಂದು ಸುರಿದಳು. ನಯನ ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಕೆಟ್ಟು ಮೂಲೆ ಸೇರಿದ್ದ ಸ್ಕೂಟರಿಗೆ ಕರೆಂಟಿನ ಮೋಟಾರು ಕೂರಿಸಿದ್ದಳು, ಬ್ಯಾಟರಿ ಕಟ್ಟುವುದಷ್ಟೇ ಬಾಕಿ. ಗುಜರಿ ಸಾದಿಕ್‌ನ ಹತ್ತಿರ ಹಳೇ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ತಂದು, ಒಡೆದು, ಬೆರಳುದ್ದದ ನೂರ ಎಪ್ಪತ್ತು ಸೆಲ್ಲು ತೆಗೆದಳು. ಎಲ್ಲಕ್ಕೂ ಪೂರ್ತಿ ಚಾರ್ಜು ತುಂಬಿ, ಹುಳುವಿಲ್ಲದೆ ಖಾಲಿ ಬಿದ್ದಿದ್ದ ಆ ತಂಪು ಕೋಣೆಯಲ್ಲಿ ಹದಿನೈದು ದಿನ ಮುಟ್ಟದೆ ಇಟ್ಟಳು. ಚಾರ್ಜು ಹಿಡಿದುಕೊಂಡದ್ದು ಒಳ್ಳೆಯದು, ತಾನಾಗಿ ಸೋರಿಸಿಕೊಂಡದ್ದು ಕೆಟ್ಟದ್ದು. ಆರಿಸುವ ಬಗೆ ಅದು.

ಅಂಬಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನೋಡವ್ವ ಗೌರಿ," ಎಂದು ಹಸುವಿಗೆ ಹೇಳಿದಳು, "ಹುಳ ಸಾಕೋ ಜಾಗದಲ್ಲಿ ಗುಜರಿ ಸಾಕ್ತಾವ್ರೆ."

ನಯನಳೂ ಬಂದು ಹಸುವಿನ ಬೆನ್ನು ತಟ್ಟಿದಳು. "ಗೌರಿ, ಕೆಲವ್ರಿಗೆ ತಮ್ ಕೈಲೂ ಆಗಕಿಲ್ಲ, ಮಾಡೋರ್ನ ಕಂಡ್ರೂ ಆಗಕಿಲ್ಲ."

ಆ ಮಾತು ನಾಟಿತು. ಹದಿನಾರನೇ ದಿನ ನಯನ ಮೀಟರು ಹಿಡಿದು ಒಂದೊಂದನ್ನೇ ನೋಡಿ, ಒಳ್ಳೆಯ ನೂರ ಮೂವತ್ತನ್ನು ಮೊರಕ್ಕೂ ಕೆಟ್ಟ ನಲವತ್ತನ್ನು ಬಕೆಟ್ಟಿಗೂ ಹಾಕಿದಳು. ಅವಳು ಡೈರಿಗೆ ಹಾಲು ಹಾಕಲು ಹೋದದ್ದೇ ತಡ, ಅಂಬಮ್ಮ ಒಳಗೆ ನುಗ್ಗಿ ಬಕೆಟ್ಟಿನ ಹನ್ನೆರಡನ್ನು ಮೊರಕ್ಕೆ ಸೇರಿಸಿ, ಮೊರದ ಹನ್ನೆರಡನ್ನು ಬಕೆಟ್ಟಿಗೆ ಹಾಕಿದಳು. ಗಾಡಿ ನಡುಬೀದಿಯಲ್ಲಿ ಕೆಟ್ಟು ನಿಲ್ಲಲಿ, ಅವಳು ತಳ್ಳಿಕೊಂಡು ಬರುವುದನ್ನು ನಾಲ್ಕು ಜನ ನೋಡಲಿ. ಬಯಸಿದ್ದು ಅಷ್ಟೇ. ಇದಾವುದೂ ತಿಳಿಯದ ನಯನ ಮೊರದಲ್ಲಿದ್ದವಕ್ಕೆಲ್ಲ ಮತ್ತೆ ಸಮನಾಗಿ ಚಾರ್ಜು ತುಂಬಿದಳು. ಎರಡು ದಿನ ಅಂಬಮ್ಮ ಒಳಗೊಳಗೇ ನಗುತ್ತಾ ಉಂಡಳು.

ಮೂರನೆಯ ದಿನ ಮಗ ಶಿವರಾಜು ಬ್ಯಾಟರಿಗೆ ತಗಡಿನ ಪೆಟ್ಟಿಗೆ ಮಾಡುತ್ತಾ ಕೂತಿದ್ದ. ಅಂಬಮ್ಮ ಏನೂ ಅರಿಯದವಳಂತೆ ಕೇಳಿದಳು. "ಅದ್ರಾಗೆ ಒಂದೆರಡು ಕೆಟ್ಟವು ಸೇರ್ಕಂಡ್ರೆ ಏನಾಯ್ತದ್ಲಾ? ಗಾಡಿ ನಿಂತೋಯ್ತದಾ?"

"ನಿಂತ್ರೆ ಪುಣ್ಯ ಕಣವ್ವ. ಒಂದು ಕೆಟ್ರೆ ಪಕ್ಕದವೆಲ್ಲ ಅದ್ಕೇ ಕರೆಂಟ್ ಸುರೀತವೆ. ಕಾದೂ ಕಾದೂ ಹತ್ಕೊಂಡ್ರೆ ನೀರಾಕಿದ್ರೂ ಆರಕಿಲ್ಲ. ಅದ್ಕೇ ಅವ್ಳು ಅಷ್ಟ್ ದಿನ ಕಾದಿದ್ದು. ಸೀಟಿನ್ ಕೆಳಗೇ ಬ್ಯಾಟ್ರಿ, ಮೇಲೆ ನಮ್ ಶ್ವೇತ. ಸೋಮವಾರದಿಂದ ಸ್ಕೂಲ್ಗೆ ಅದ್ರಲ್ಲೇ."

ಶ್ವೇತ ಏಳು ವರ್ಷದ ಮೊಮ್ಮಗಳು, ಅಂಬಮ್ಮನ ಜೀವ.

ಅಂಬಮ್ಮ ಹುಳದ ಮನೆಗೆ ಹೋಗಿ ಮೊರದ ಮುಂದೆ ಕುಕ್ಕರಿಸಿದಳು. ಒಂದು ಸೆಲ್ಲು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದಿಲ್ಲ. ಇನ್ನೊಂದು, ಮತ್ತೊಂದು. ಎಲ್ಲಕ್ಕೂ ಒಂದೇ ನೀಲಿ ಕವಚ, ಒಂದೇ ತೂಕ. ಮೂವತ್ತೈದು ವರ್ಷದ ಅನುಭವ ಕಾಸಿನ ಪ್ರಯೋಜನಕ್ಕೂ ಬರಲಿಲ್ಲ. ತೆಪ್ಪಗಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದೂ ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ನಯನ ಬೆಸುಗೆ ಯಂತ್ರ ಹಿಡಿದು ಒಳಗೆ ಬಂದಳು, ಹಿಂದೆ ಪೆಟ್ಟಿಗೆ ಹೊತ್ತ ಶಿವರಾಜು.

"ತಡಿ ಅಮ್ಮಿ, ಬೆಸೀಬ್ಯಾಡ," ಎಂದಳು ಅಂಬಮ್ಮ. ಮೂರು ವರ್ಷದಲ್ಲಿ ಸೊಸೆಯ ಮುಖ ನೋಡಿ ಆಡಿದ ಮೊದಲ ಮಾತು. "ಹನ್ನೆರಡು ಕೆಟ್ಟವ ನಾನೇ ಬೆರೆಸ್ಬುಟ್ಟಿವ್ನಿ."

"ಯಾವ್ಯಾವು?"

"ಗೊತ್ತಾಯ್ತಿಲ್ಲ."

ನಯನ ಕೂಗಾಡಲಿಲ್ಲ. ಕೂಗಾಡಿದ್ದರೆ ತಿರುಗಿ ಬೈಯಲಾದರೂ ಆಗುತ್ತಿತ್ತು. ಅತ್ತೆಯ ಕೈಯಲ್ಲಿದ್ದ ಸೆಲ್ಲನ್ನು ಕಿತ್ತುಕೊಂಡು ಮೊರಕ್ಕೆ ಹಾಕಿದಳು.

"ಎಲ್ಲಕ್ಕೂ ಚಾರ್ಜ್ ತುಂಬಿವ್ನಿ, ಈಗ ಮೀಟ್ರಿಗೂ ಗೊತ್ತಾಗಕಿಲ್ಲ. ಇನ್ನೂ ಹದಿನೈದು ದಿನ ಇಟ್ಟು ನೋಡ್ಬೇಕು. ಇವತ್ತಿಂದ ನೀವು ಈ ಬಾಗ್ಲು ದಾಟ್ಬ್ಯಾಡಿ ಅತ್ತೆ. ಮುಂದ್ಲ ಬೆಳೆಗೂ ಬ್ಯಾಡಿ. ಹುಳ ನಾನ್ ನೋಡ್ಕೋತೀನಿ."

ಅಂಬಮ್ಮ ಮಗನ ಮುಖ ನೋಡಿದಳು. ಹೆಂಡತಿಯ ಪರವಾಗಿ ಎಂದೂ ಬಾಯಿ ಬಿಡದ ಶಿವರಾಜು ಬಾಗಿಲಿನಿಂದ ಪಕ್ಕಕ್ಕೆ ಸರಿದು, ಅವ್ವ ಹೊರಗೆ ಹೋಗಲು ದಾರಿ ಬಿಟ್ಟ.