ಪೂಜೆಗಿಟ್ಟ ಬ್ಲೇಡು

ನಾವು ತಿರುವನಂತಪುರದಲ್ಲಿದ್ದ ಆ ಕಾಲದಲ್ಲಿ ರೈಲು ಬೋಗಿಗಳೆಲ್ಲ ಕಾವಿ ಬಣ್ಣದವು. ಊರಿನ ಮನೆಗಳ ನೆಲಕ್ಕೆ ಬಳಿಯುತ್ತಿದ್ದ ಕೆಂಪುಂಟಲ್ಲ, ಅದೇ ಕೆಂಪು. ಬೇಸಿಗೆ ರಜೆಯಲ್ಲಿ ತಂಪಾನೂರಿನ ಸ್ಟೇಶನ್ನಿನಲ್ಲಿ ಹತ್ತಿದರೆ ಮರುದಿನ ಮಂಗಳೂರಿನಲ್ಲಿ ಇಳಿಯುವುದು. ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಕುಳಿತಾಗ ಬರುವ ತುಕ್ಕಿನ ವಾಸನೆ, ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ, ಅದಕ್ಕೆ ಮಾವಿನ ಮಿಡಿ. ನನ್ನ ಪ್ರಾಯದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಆ ರೈಲು ನನಗೆ ವರ್ಷಕ್ಕೊಮ್ಮೆ ಮಾತ್ರ ಸಿಗುತ್ತಿತ್ತು. ಹಾಗಾಗಿ ಐದನೇ ಕ್ಲಾಸಿನಲ್ಲಿದ್ದಾಗ ಅದರದೊಂದು ಬೋಗಿಯನ್ನು ನಾನೇ ಮಾಡಿದೆ. ಆ ಬೋಗಿಯ ವಿಚಾರದಲ್ಲಿ ನನಗೆ ಆದ ಅನ್ಯಾಯವನ್ನು ದೇವರ ದಯೆಯಿಂದ ಈವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿಲ್ಲ. ಈಗ ಹೇಳುತ್ತೇನೆ, ಯಾಕೆಂದರೆ ಸಿಟ್ಟು ಇನ್ನೂ ಇಳಿದಿಲ್ಲ.

ಅಪ್ಪ ಕೇಂದ್ರ ಸರಕಾರದ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ಪುತ್ತೂರು ಕಡೆಯಿಂದ ವರ್ಗವಾಗಿ ಹೋದ ನಾವು ಸಂಸ್ಥೆಯ ಕ್ವಾರ್ಟರ್ಸಿನಲ್ಲಿದ್ದೆವು. ಆ ವರ್ಷ ಕ್ವಾರ್ಟರ್ಸಿನ ಅಸೋಸಿಯೇಷನ್ನಿನವರು ನವರಾತ್ರಿ ರಜೆಗೆ ಮಕ್ಕಳ ಮಾದರಿಗಳ ಪ್ರದರ್ಶನ ಇಟ್ಟರು. ಮಹಾನವಮಿಯ ಸಂಜೆ, ಬಹುಮಾನವೂ ಉಂಟು.

"ಬೋಗಿ ಮಾಡ್ತೇನೆ" ಎಂದೆ ಅಪ್ಪನಿಗೆ.

"ಮಾಡು. ಆದ್ರೆ ಚಿಕ್ಕದು ಮಾಡುವುದಾದ್ರೆ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಚಿಕ್ಕದು ಮಾಡ್ಬೇಕು. ಬಾಗಿಲು ಒಂದು ಲೆಕ್ಕ, ಕಿಟಕಿ ಇನ್ನೊಂದು ಲೆಕ್ಕ ಆದ್ರೆ ಅದು ಆಟದ ಸಾಮಾನು, ಅಷ್ಟೇ."

ಒಂದು ಅಡಿಗೆ ಕಾಲು ಇಂಚು ಎಂದು ನಿಶ್ಚಯವಾಯಿತು. ಅಳತೆ ಬೇಕಲ್ಲ? ಒಂದು ಭಾನುವಾರ ಅಪ್ಪ, ಅಮ್ಮ, ನಾನು ಪ್ಲಾಟ್‌ಫಾರ್ಮ್ ಟಿಕೆಟು ತೆಗೆದುಕೊಂಡು ಸ್ಟೇಶನ್ನಿಗೆ ಹೋದೆವು. ಅಮ್ಮ ರವಿಕೆ ಹೊಲಿಯುವ ಟೇಪು ನನ್ನ ಕೈಯಲ್ಲಿ. ನಿಂತ ರೈಲಿನ ಕಿಟಕಿಗೆ, ಬಾಗಿಲಿಗೆ, ಮೆಟ್ಟಿಲಿಗೆ ಟೇಪು ಹಿಡಿಯುತ್ತಾ ಹೋದೆ. ಒಳಗೆ ಕುಳಿತವರು ಬಗ್ಗಿ ನೋಡಿ ನಗುತ್ತಿದ್ದರು. ಅಮ್ಮನಿಗೆ ನಾಚಿಕೆಯಾಗಿ ಸೆರಗು ಬಾಯಿಗೆ ಬಂತು.

"ಜನ ನೋಡ್ತಾರೆ ಮಾರಾಯ್ತಿ. ಬೋಗಿಗೆ ರವಿಕೆ ಹೊಲೀಲಿಕ್ಕುಂಟಾ?"

"ತೋಳು ಬೇಡ ಅಂತೆ, ಕುತ್ತಿಗೆ ಮಾತ್ರ ಸ್ವಲ್ಪ ಅಗಲ" ಎಂದರು ಅಪ್ಪ. ಅಮ್ಮ ಅಪ್ಪನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಹಳೇ ಮದುವೆ ಕಾಗದಗಳ ದಪ್ಪ ರಟ್ಟು ಗೋಡೆಗೆ. ಹಿಡಿಸೂಡಿ ಪೊರಕೆಯ ಕಡ್ಡಿ ಕಿಟಕಿಯ ಸರಳಿಗೆ. ಕೋಟಿನ ಗುಂಡಿಗಳು ಗಾಲಿಗೆ. ಮೈದಾ ಕುದಿಸಿ, ಹುಳ ತಿನ್ನದ ಹಾಗೆ ಚೂರು ಮೈಲುತುತ್ತ ಹಾಕಿ ಮಾಡಿದ ಅಂಟು. ಆ ಅಂಟು ಬೇಯುವಾಗ ಬರುವ ವಾಸನೆಗೆ ನನಗೆ ಹಸಿವಾಗುತ್ತಿತ್ತು, ಅಮ್ಮ ದೋಸೆಯ ತುದಿ ಮುರಿದು ಬಾಯಿಗಿಡುತ್ತಿದ್ದಳು, ಏಕೆಂದರೆ ನನ್ನ ಕೈ ತುಂಬ ಅಂಟು. ಚಾಲೈ ಪೇಟೆಯ ಒಳಗೆ ಒಂದು ಬಣ್ಣದಂಗಡಿಯಿಂದ ಕಾವಿ ಪುಡಿ ತಂದೆವು. ಅಪ್ಪ ರಟ್ಟಿಗೆ ಕೈ ಹಾಕಲಿಲ್ಲ. ಮೆಟ್ಟಿಲು ದೊಡ್ಡದಾದಾಗ ಮಾತ್ರ ದೂರದಿಂದಲೇ, "ಈ ಬೋಗಿ ಹತ್ತಲಿಕ್ಕೆ ಭೀಮಸೇನನೇ ಬರ್ಬೇಕು" ಎಂದರು. ನಾನು ಅಳುತ್ತಾ ಅದನ್ನು ಕಿತ್ತು ಬೇರೆ ಮಾಡಿದೆ. ಬ್ಲೇಡು ತಾಗಿ ಬೆರಳು ಕೊಯ್ದದ್ದಕ್ಕೆ ಲೆಕ್ಕವಿಲ್ಲ. ಅಮ್ಮ ಅರಸಿನ ಒತ್ತಿ, "ಬೆರಳು ಇದ್ದಲ್ಲೇ ಉಂಟಲ್ಲ, ದೇವರು ದೊಡ್ಡವ" ಎನ್ನುತ್ತಿದ್ದಳು. ಸಣ್ಣ ಸಣ್ಣದಕ್ಕೂ ದೇವರಿಗೆ ಕೈಮುಗಿಯುವ ಅಭ್ಯಾಸ ನನಗೆ ಬಂದದ್ದು ಅವಳಿಂದಲೇ.

ಎದುರುಮನೆಯ ಬೀನಾ ನನ್ನ ಗೆಳತಿ. ಅವಳ ಮಾವ ಗಲ್ಫಿನಿಂದ ಸಿದ್ಧ ಮಾದರಿಗಳನ್ನು ತರುತ್ತಿದ್ದರು: ಬೆರಳುದ್ದದ ಕಾರು, ವಿಮಾನ, ಒಂದು ಬಿಳೀ ಹಡಗು. ಅವೆಲ್ಲ ಗಾಜಿನ ಕಪಾಟಿನಲ್ಲಿ, ಬಂದ ಪೆಟ್ಟಿಗೆಯೊಳಗೇ ಇರುತ್ತಿದ್ದವು. ಪ್ರತಿಯೊಂದರ ಹೆಸರು, ದೇಶ ಅವಳಿಗೆ ಬಾಯಿಪಾಠ. ಹತ್ತಿಯಲ್ಲಿ ಪೆಟ್ಟಿಗೆಯ ಧೂಳು ಒರೆಸುವಾಗ ಉಸಿರು ಹಿಡಿಯುತ್ತಿದ್ದಳು. ನಮ್ಮ ಜಗಳ ನಡೆಯುತ್ತಿದ್ದದ್ದು ಮಲಯಾಳದಲ್ಲಿ. ಕನ್ನಡದಲ್ಲಿ ಬರೆದರೆ ಅದರ ಖಾರ ಅರ್ಧ ಇಳಿಯುತ್ತದೆ.

"ನಿನ್ನ ಬೋಗಿ ಓಡ್ತದಾ?"

"ನಿನ್ನ ಹಡಗು ಪೆಟ್ಟಿಗೆಯಿಂದ ಹೊರಗೆ ಬರ್ತದಾ?"

"ಹೊರಗೆ ತೆಗೆದ್ರೆ ಹಳತಾಗ್ತದೆ."

"ನನ್ನದು ಹಳೇ ಕಾಗದದಲ್ಲೇ ಮಾಡಿದ್ದು. ಅದಕ್ಕೆ ಆ ಹೆದರಿಕೆ ಇಲ್ಲ."

ಹೀಗೆಲ್ಲ ಹೇಳಿದರೂ ನಾನು ಕಿಟಕಿ ಕತ್ತರಿಸುವಾಗ ಬೀನಾ ಪಕ್ಕದಲ್ಲೇ ಕುಳಿತು ನೋಡುತ್ತಿದ್ದಳು. ಕೂಡಿಹಾಕುವವರ ಮೇಲೆ ನನಗೆ ಅಂದೂ ದ್ವೇಷವಿರಲಿಲ್ಲ, ಇಂದೂ ಇಲ್ಲ. ಅವಳಿಗೂ ಅದು ಪ್ರೀತಿಯೇ.

ಕೇರಳದಲ್ಲಿ ಅಷ್ಟಮಿಯ ಸಂಜೆ ಪೂಜೆಗಿಡುವ ಪದ್ಧತಿ. ಮಕ್ಕಳ ಪುಸ್ತಕ, ದುಡಿಯುವವರ ಆಯುಧ, ಎಲ್ಲ ಸರಸ್ವತಿಯ ಪಾದದಡಿ. ದಶಮಿಯ ಬೆಳಿಗ್ಗೆ ಪೂಜೆಯಾಗಿ ತೆಗೆಯುವವರೆಗೆ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ, ಕತ್ತರಿ ಮುಟ್ಟುವ ಹಾಗಿಲ್ಲ. ನಮ್ಮ ಬ್ಲಾಕಿನ ಎಲ್ಲ ಮನೆಯವರದ್ದೂ ಕೆಳಗಿನ ಪಿಳ್ಳೆ ಅಂಕಲ್ ಮನೆಯ ದೇವರ ಕೋಣೆಯಲ್ಲಿ. ಅವರೇ ಅಸೋಸಿಯೇಷನ್ನಿನ ಕಾರ್ಯದರ್ಶಿ. ಬೋಗಿ ಆ ಹೊತ್ತಿಗೆ ಮುಗಿದಿತ್ತು. ನಾನು ಪುಸ್ತಕದ ಜೊತೆ ಬ್ಲೇಡು, ಅಡಿಕೋಲು, ಅಂಟಿನ ಕುಂಚ, ಅಮ್ಮನ ಟೇಪು ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟು ಕೊಂಡುಹೋದೆ. ಪಿಳ್ಳೆ ಅಂಕಲ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬ್ಲೇಡಿನ ಮೇಲೆ ತಾವೇ ಒಂದು ತುಳಸಿ ಕುಡಿ, ಒಂದು ಕೇಪಳ ಹೂ ಇಟ್ಟರು.

"ಇದು ನಮ್ಮ ಎಂಜಿನಿಯರ್ ಮೋಳುವಿನ ಆಯುಧ" ಎಂದು ನಕ್ಕರು. ಮೋಳು ಎಂದರೆ ಮಗಳು. ಈ ಮಾತನ್ನು ನೆನಪಿಡಿ.

ನವಮಿಯ ಸಂಜೆ ಸಭಾಂಗಣದಲ್ಲಿ ಉದ್ದದ ಮೇಜು, ಬಿಳೀ ಬಟ್ಟೆ. ತೀರ್ಪು ಕೊಡಲು ಬಂದವರು ಅಪ್ಪನ ಆಫೀಸಿನ ದೊಡ್ಡ ಸಾಹೇಬರು, ಉತ್ತರದ ಕಡೆಯಿಂದ ಹೊಸದಾಗಿ ಬಂದವರು. ಬೀನಾಳ ಹಡಗನ್ನು ಪೆಟ್ಟಿಗೆಯ ಗಾಜಿನ ಮೂಲಕ ನೋಡಿ, "ಬ್ಯೂಟಿಫುಲ್, ಎಂಥಾ ಫಿನಿಶಿಂಗ್!" ಎಂದರು. ಅದನ್ನು ಯಾರು ಮಾಡಿದ್ದೆಂದು ಕೇಳಲಿಲ್ಲ. ನನ್ನ ಬೋಗಿಯ ಮುಂದೆ ನಿಂತರು. ಕನ್ನಡಕ ತೆಗೆದು ಬಗ್ಗಿ ಕಿಟಕಿಯೊಳಗೆ ನೋಡಿದರು. ಒಳಗೆ ಸೀಟುಗಳಿದ್ದವು, ಮೇಲಿನ ಬರ್ತಿಗೆ ಸರಪಳಿಯೂ ಇತ್ತು.

"ಯಾರು ಮಾಡಿದ್ದು? ಪಪ್ಪಾನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಾನು."

"ಸುಳ್ಳು ಹೇಳಬಾರದು, ಬೇಟಿ. ಇಷ್ಟು ಅಳತೆ ಸರಿಯಾಗಿ ಇಷ್ಟು ಸಣ್ಣ ಮಗು ಮಾಡಲು ಸಾಧ್ಯವೇ ಇಲ್ಲ."

"ಅವಳೇ ಮಾಡಿದ್ದು ಅಂಕಲ್, ನಾನು ನೋಡಿದ್ದೇನೆ" ಎಂದಳು ಬೀನಾ.

ಸಾಹೇಬರು ನಕ್ಕರು. "ಫ್ರೆಂಡ್‌ಶಿಪ್! ಒಳ್ಳೆಯದು. ಸರಿ, ಈಗ ಇಲ್ಲೇ, ನಮ್ಮೆಲ್ಲರ ಎದುರು ಒಂದು ಕಿಟಕಿ ಕತ್ತರಿಸಿ ತೋರಿಸು. ಬಹುಮಾನ ನಿನಗೇ."

ಒಂದು ಕಿಟಕಿ! ನಾನು ಕಣ್ಣುಮುಚ್ಚಿ ಕತ್ತರಿಸಿಯೇನು. ಆದರೆ ಅಂದು ನವಮಿ.

"ಬ್ಲೇಡು ಪೂಜೆಗಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಮಾಡಿ ತೋರಿಸ್ತೇನೆ" ಎಂದೆ.

"ಬ್ಲೇಡಿಗೆ ಪೂಜೆ?" ಸಾಹೇಬರು ಸುತ್ತ ನೋಡಿದರು. "ಒಳ್ಳೇ ನೆಪ ಹುಡುಕಿದ್ದಾಳೆ!"

ನಾನು ಪಿಳ್ಳೆ ಅಂಕಲ್ ಮುಖ ನೋಡಿದೆ. ಅವರು ಸಾಹೇಬರ ಪಕ್ಕದಲ್ಲೇ ಇದ್ದರು. ಒಂದು ಮಾತು ಸಾಕಿತ್ತು: ಹೌದು ಸಾರ್, ನಮ್ಮಲ್ಲಿ ಹೀಗುಂಟು, ಬ್ಲೇಡು ನನ್ನ ಮನೆಯಲ್ಲೇ ಉಂಟು. ಅವರು ಮೇಜಿನ ಬಟ್ಟೆಯ ಸುಕ್ಕು ಸರಿ ಮಾಡಿದರು. ಆ ಸಭಾಂಗಣದಲ್ಲಿದ್ದ ಅಷ್ಟೂ ಜನರ ಮನೆಯ ಪುಸ್ತಕ ಪೂಜೆಯಲ್ಲಿತ್ತು. ನನ್ನ ಕ್ಲಾಸಿನ ಮಕ್ಕಳ ಅಪ್ಪಂದಿರು, ಅಮ್ಮಂದಿರು. ಒಬ್ಬರಾದರೂ ಬಾಯಿ ಬಿಟ್ಟರಾ? ದೊಡ್ಡವರ ಎದುರು ಮಾತಾಡಿದರೆ ನಾಲಗೆ ಸವೆದುಹೋಗುತ್ತದಾ?

ಅಪ್ಪನೂ ಹಿಂದಿನಿಂದ ಬಂದು ಮೆಲ್ಲ ಹೇಳಿದರು, "ಒಂದು ಕಿಟಕಿ ಅಲ್ವಾ ಮಗಾ. ಯಾರದ್ದಾದ್ರೂ ಬ್ಲೇಡು ತರಿಸ್ತೇನೆ, ಕತ್ತರಿಸಿ ತೋರಿಸಿಬಿಡು. ದೇವರಿಗೆ ಅರ್ಥ ಆಗ್ತದೆ."

ಹೆಂಗಸರ ಸಾಲಿನಿಂದ ಅಮ್ಮ ಎದ್ದಳು. ಮಲಯಾಳವಾಗಲಿ ಇಂಗ್ಲಿಷಾಗಲಿ ಅವಳಿಗೆ ಸರಿಯಾಗಿ ಬಾರದು. ನಮ್ಮ ಪುತ್ತೂರಿನ ಕನ್ನಡದಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಬೇಡ. ಸರಸ್ವತಿಗೆ ಒಪ್ಪಿಸಿದ ಮೇಲೆ ಇವರಿಗೆ ತೋರಿಸ್ಲಿಕ್ಕೆ ಬ್ಲೇಡು ಹಿಡಿಯುವುದು ಬೇಡ. ನಂಬುವವರು ನಂಬಲಿ."

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಅಪ್ಪ ತಲೆ ತಗ್ಗಿಸಿದರು. ನಾನು ಕೈ ಹಿಂದೆ ಕಟ್ಟಿಕೊಂಡು, "ಇಲ್ಲ" ಎಂದೆ. ಸಾಹೇಬರು ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡರು. ಬಹುಮಾನ ಹಡಗಿಗೆ ಹೋಯಿತು. ಯಾವುದೋ ದೇಶದ ಕಾರ್ಖಾನೆಯಲ್ಲಿ ಯಾರೋ ಮಾಡಿದ ಹಡಗಿಗೆ! ಜೊತೆಗೆ ಮಕ್ಕಳು ಸತ್ಯ ನುಡಿಯಬೇಕೆಂದು ಸಾಹೇಬರು ಭಾಷಣವನ್ನೂ ಬಿಗಿದರು.

ಹೊರಗೆ ಬರುವಾಗ ಪಿಳ್ಳೆ ಅಂಕಲ್ ನನ್ನ ತಲೆ ಸವರಿ, "ಸಾರಮಿಲ್ಲ ಮೋಳೇ" ಎಂದರು. ಪರವಾಗಿಲ್ಲ ಎನ್ನುವುದಕ್ಕೆ ಅಲ್ಲಿಯ ಮಾತು. ಪರವಾಗಿಲ್ಲವಂತೆ! ಯಾರಿಗೆ? ಸುಳ್ಳಿ ಎನ್ನಿಸಿಕೊಂಡದ್ದು ನಾನು. ಪರವಾಗಿಲ್ಲ ಎಂದು ಹೇಳುವ ಹಕ್ಕಿದ್ದರೆ ಅದು ನನ್ನದು, ಅವರದ್ದಲ್ಲ.

ಮನೆಯಲ್ಲಿ ಅಮ್ಮ ದೇವರಿಗೆ ದೀಪ ಹಚ್ಚಿ, "ಬೋಗಿಗೆ ಏನೂ ಆಗದೆ ಮನೆಗೆ ಬಂತಲ್ಲ" ಎಂದಳು. ಅಪ್ಪ ಊಟ ಮಾಡಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಪಿಳ್ಳೆ ಅಂಕಲ್ ಮನೆಯಲ್ಲಿ ಪೂಜೆ. ಬೆಲ್ಲ ಹಾಕಿದ ಅವಲಕ್ಕಿ, ಭತ್ತದ ಅರಳಿನ ಹೊದ್ಲು, ಬಾಳೆಹಣ್ಣು. ಮಕ್ಕಳೆಲ್ಲ ಹರಿವಾಣದ ಅಕ್ಕಿಯಲ್ಲಿ ಮಲಯಾಳದ ಅಕ್ಷರ ತಿದ್ದಿದರು, ನಾನು ಕನ್ನಡದಲ್ಲಿ ಓಂ ಬರೆದೆ. ಉಳಿದವರು ಪುಸ್ತಕ ತೆಗೆದುಕೊಂಡರು. ನಾನು ಮೊದಲು ಬ್ಲೇಡನ್ನು ಕಣ್ಣಿಗೊತ್ತಿಕೊಂಡೆ. ಮತ್ತೆ ನೇರ ಬ್ಲಾಕಿನ ಬಾಗಿಲಲ್ಲಿ, ಹೋಗಿ ಬರುವವರೆಲ್ಲ ನೋಡುವ ಹಾಗೆ, ಮೆಟ್ಟಿಲ ಮೇಲೆ ರಟ್ಟು ಹರಡಿ ಕುಳಿತೆ. ಎರಡನೇ ಬೋಗಿ. ಸಾಹೇಬರು ಬೆಳಗಿನ ವಾಕಿಂಗಿಗೆ ಆ ದಾರಿಯಲ್ಲೇ ಬರುವುದೆಂದು ನನಗೆ ಗೊತ್ತಿತ್ತು.

ಬಂದರು. ನಿಂತರು. ನಾನು ಅಡಿಕೋಲು ಇಟ್ಟು, ಬ್ಲೇಡು ಎಳೆದು, ಕಿಟಕಿಯ ಚೌಕವನ್ನು ಬೆರಳಿಂದ ತಳ್ಳಿದೆ. ಅದು ಟಪ್ ಎಂದು ಮೆಟ್ಟಿಲ ಮೇಲೆ ಬಿತ್ತು. ತಲೆ ಎತ್ತಿದೆ. ಹೇಳಲು ಬೇಕಾದ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಕಲಿತಿಟ್ಟುಕೊಂಡಿದ್ದೆ.

"ವಾಹ್, ವೆರಿ ಗುಡ್. ನೈಸ್ ಹಾಬಿ" ಎಂದರು ಸಾಹೇಬರು. "ಯಾವ ಕ್ಲಾಸು?"

ನನ್ನ ಗುರುತೇ ಅವರಿಗೆ ಸಿಗಲಿಲ್ಲ. ಹಿಂದಿನ ಸಂಜೆ ಅಷ್ಟು ಜನರ ಎದುರು ಸುಳ್ಳಿ ಎಂದು ಕರೆದ ಹುಡುಗಿ ಇವಳೇ ಎಂಬುದು ಅವರಿಗೆ ನೆನಪಿಡುವ ವಿಷಯವೇ ಆಗಿರಲಿಲ್ಲ. ಉತ್ತರಕ್ಕೂ ಕಾಯದೆ ಕೈ ಬೀಸುತ್ತಾ ಹೋದರು. ನನ್ನ ವಾಕ್ಯಗಳೆಲ್ಲ ಗಂಟಲಲ್ಲೇ ಉಳಿದವು. ಇನ್ನೂ ಅಲ್ಲೇ ಇವೆ.

ಆಮೇಲೆ ಬೀನಾ ಬಂದಳು. ಕೈಯಲ್ಲಿ ಬಿಳೀ ಹಡಗು, ಪೆಟ್ಟಿಗೆ ಇಲ್ಲದೆ. ಮೆಟ್ಟಿಲ ಮೇಲೆ ಅದನ್ನಿಟ್ಟು, ಇದಕ್ಕೊಂದು ಸಣ್ಣ ದೋಣಿ ಮಾಡಬಹುದಾ, ಇದರದ್ದೇ ಲೆಕ್ಕದಲ್ಲಿ, ಎಂದು ಕೇಳಿದಳು. ರಟ್ಟು ಕೊಟ್ಟೆ. ಅವಳು ಕತ್ತರಿಸಿದ ಮೊದಲ ದೋಣಿ ಚಪ್ಪಲಿಯ ಹಾಗಿತ್ತು. ಇಬ್ಬರೂ ನಕ್ಕದ್ದೇ ನಕ್ಕದ್ದು. ಅಷ್ಟಾದರೂ ದೇವರು ಕೊಟ್ಟ.

ಈಗ ನಾನು ಕೊಚ್ಚಿಯಲ್ಲಿದ್ದೇನೆ. ಯಜಮಾನರು ಬ್ಯಾಂಕಿನಲ್ಲಿ. ಅಡುಗೆಮನೆಯ ಕಿಟಕಿಯಲ್ಲಿ ದೂರಕ್ಕೆ ವಲ್ಲಾರ್ಪಾಡದ ಬಂದರಿನ ಕ್ರೇನುಗಳು ಕಾಣುತ್ತವೆ. ಹೋದ ತಿಂಗಳು ಮಗಳ ಶಾಲೆಯಲ್ಲಿ ಬಂದರಿನ ಮಾದರಿ ಮಾಡಿ ತರಲು ಹೇಳಿದರು. ಅದೇ ಸಂಜೆ ತಾಯಂದಿರ ವಾಟ್ಸಪ್ಪಿನಲ್ಲಿ ಅಂಗಡಿಯ ವಿಳಾಸ ಬಂತು, ಬಂದರು ರೆಡಿಮೇಡ್ ಸಿಗುತ್ತದಂತೆ, ಹೆಸರಿನ ಚೀಟಿ ಸಮೇತ. ನನ್ನ ಮಗಳು ಕಿಟಕಿಯಲ್ಲಿ ನಿಂತು ಹೆಬ್ಬೆರಳಲ್ಲಿ ಅಳೆದು, ಬೆಂಕಿಪೊಟ್ಟಣದ ಕಂಟೇನರು, ಐಸ್‌ಕ್ರೀಮ್ ಕಡ್ಡಿಯ ಕ್ರೇನು ಮಾಡಿದಳು. ಕ್ರೇನು ಸ್ವಲ್ಪ ವಾಲಿತ್ತು. "ಮುಂದಿನ ಸಲ ನೀಟಾಗಿರುವುದು ತಾ" ಎಂದರಂತೆ ಟೀಚರು.

ಪ್ರದರ್ಶನಕ್ಕೆ ನಾನೂ ಹೋದೆ. ಸಾಲಿಗೆ ಸಾಲು ಅದೇ ಬಂದರು, ಅದೇ ನೀಲಿ ಸಮುದ್ರ, ಅದೇ ಹಡಗು. ತೀರ್ಪುಗಾರರು ಚೀಟಿ ಓದುತ್ತಾ ನಡೆದುಹೋದರು, ಒಬ್ಬರೂ ಬೆನ್ನು ಬಗ್ಗಿಸಲಿಲ್ಲ. ಒಂದು ಮಗುವನ್ನು ನಾನೇ ಕೇಳಿದೆ, ನೀನೇ ಮಾಡಿದ್ದಾ ಎಂದು. "ಅಲ್ಲ ಆಂಟಿ, ಅಂಗಡಿಯದ್ದು" ಎಂದಿತು, ಏನೂ ಸಂಕೋಚವಿಲ್ಲದೆ. ಆ ಮಗುವಿನ ತಪ್ಪಲ್ಲ. ಅದಕ್ಕೆ ಸುಳ್ಳು ಹೇಳುವ ಅಗತ್ಯವನ್ನೂ ನಾವು ಉಳಿಸಿಲ್ಲ.

"ನಿನ್ನನ್ನು ಯಾರಾದ್ರೂ ಕೇಳಿದ್ರಾ, ಇದು ನೀನೇ ಮಾಡಿದ್ದಾ ಅಂತ?" ಎಂದೆ ಮಗಳಿಗೆ.

ಕನ್ನಡ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. "ಆರ್ ಚೋದಿಕ್ಕಾನಾ ಅಮ್ಮೇ?" ಯಾರು ಕೇಳುವುದಮ್ಮ? "ನೀನು ಕಂಡಿದ್ದೀಯಲ್ಲ, ಸಾಕಲ್ವಾ?" ಎಂದದ್ದೂ ಮಲಯಾಳದಲ್ಲೇ.

ನಾನು ಕಂಡದ್ದು ಸಾಲದು. ಅಂದು ಆ ಸಾಹೇಬರು ಮಾಡಿದ ಅನ್ಯಾಯವನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಅವರು ಕನ್ನಡಕ ತೆಗೆದು, ಬಗ್ಗಿ, ನನ್ನ ಬೋಗಿಯ ಕಿಟಕಿಯೊಳಗೆ ನೋಡಿದ್ದರು. ನನ್ನ ಮಗಳ ಕ್ರೇನನ್ನು ಸಂಶಯಪಡುವುದಕ್ಕಾದರೂ ಒಬ್ಬರೂ ಬಗ್ಗಿ ನೋಡಲಿಲ್ಲ.